ಯೋಚನೆಗೆ ಬೆಂಚು, ಟೈಪಿಗೆ ಕುರ್ಚಿ

೧೯೯೧ರಲ್ಲಿ, ಒಂಬತ್ತನೇ ಕ್ಲಾಸಿನ ನಡುವೆ, ನಾನು ಓದು ನಿಲ್ಲಿಸಿದೆ. ಫೇಲಾಗಿ ಬಿಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಸ್ಕೂಲು ಬಿಟ್ಟವನೆಂದರೆ ದಡ್ಡನೇ ಇರಬೇಕು ಎಂದುಕೊಳ್ಳುವವರು ಇನ್ನೂ ಇದ್ದಾರೆ. ಕನಕಪುರದಲ್ಲಿ ನನ್ನ ಸೋದರಮಾವನ ಮೋಟಾರು ವೈಂಡಿಂಗ್ ಅಂಗಡಿ ಇತ್ತು. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಕೆಲಸ. ಮಾವನಿಗೆ ಒಂದು ಜೊತೆ ಕೈ ಬೇಕಿತ್ತು, ನಾನು ಹೋದೆ. ಹದಿನಾಲ್ಕು ವರ್ಷ ಅಲ್ಲಿ ತಂತಿ ಸುತ್ತಿದೆ. ಆಮೇಲೆ ರಸ್ತೆ ಅಗಲ ಮಾಡಿದರು, ಅಂಗಡಿ ಹೋಯಿತು. ಅಷ್ಟು ಹೊತ್ತಿಗೆ ಹಾರೋಹಳ್ಳಿ ಕಡೆ ರಾಗಿ ಹೊಲ ಇದ್ದಲ್ಲೆಲ್ಲ ಫ್ಯಾಕ್ಟರಿ ಶೆಡ್ಡುಗಳು ಏಳುತ್ತಿದ್ದವು. ಅಂಥದೊಂದರಲ್ಲಿ ತಗಡು ಕತ್ತರಿಸುವ ಪವರ್ ಪ್ರೆಸ್ ಮೇಲೆ ಕೆಲಸಕ್ಕೆ ನಿಂತೆ.

ಈಗ ನನ್ನದೇ ಒಂದು ಅಂಗಡಿ ಇದೆ, ಜೊತೆಗೆ ಪಂಪು, ಮೋಟಾರು ರಿಪೇರಿಯ ವಿಡಿಯೋ ಮಾಡಿ ಇಂಟರ್‌ನೆಟ್ಟಿಗೆ ಹಾಕುತ್ತೇನೆ. ವಿಡಿಯೋಗೂ ಮೊದಲು ವರ್ಷಗಟ್ಟಲೆ ಬರೆದು ಹಾಕುತ್ತಿದ್ದೆ. ನೋಡುವವರು ಮೋಟಾರಿನ ಬಗ್ಗೆ ಕೇಳುವುದಕ್ಕಿಂತ ಹೆಚ್ಚಾಗಿ ಕೇಳುವುದು ಒಂದೇ ಮಾತು: "ಅಣ್ಣಾ, ಅಂಗಡೀನೂ ನೋಡ್ಕೊಂಡು ಇಷ್ಟೆಲ್ಲಾ ಯಾವಾಗ ಮಾಡ್ತೀರಾ?" ಎರಡು ಸಾಲಿನಲ್ಲಿ ಉತ್ತರ ಬರೆಯಲು ನೋಡಿದೆ, ಆಗಲಿಲ್ಲ. ಬರೆಯಲು ಕೂತಾಗಲೆಲ್ಲ ಟೈಪಿಂಗ್ ಮೇಡಂ ಅವರ ಮುಖವೇ ಕಣ್ಣ ಮುಂದೆ ಬರುತ್ತದೆ.

ಕನಕಪುರದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅವರದು ಟೈಪಿಂಗ್ ಇನ್‌ಸ್ಟಿಟ್ಯೂಟ್. ತಾಲ್ಲೂಕು ಕಚೇರಿಯ ಅರ್ಧ ಗುಮಾಸ್ತರ ಮಣಿಕಟ್ಟಿನ ಮೇಲೆ ಅವರ ಸ್ಟೀಲ್ ಸ್ಕೇಲ್ ಬಿದ್ದಿತ್ತು. ಟೈಪ್‌ರೈಟರ್ ಕಲಿಯುವವರು ನಿಂತುಹೋದ ಮೇಲೆ ಮಿಷನ್‌ಗಳಿಗೆ ಬಟ್ಟೆ ಹೊದಿಸಿ ಮೂಲೆಗೆ ಜೋಡಿಸಿದರು, ಆರು ಕಂಪ್ಯೂಟರ್ ತಂದರು, ಸೈಬರ್ ಸೆಂಟರ್ ಎಂದು ಬೋರ್ಡು ಬರೆಸಿದರು. ಬೋರ್ಡಿನಲ್ಲಿ ಮಾತ್ರ ಬದಲಾವಣೆ. ಟೈಪಿಂಗ್ ಸ್ಪೀಡ್ ಟೆಸ್ಟಿಗೆ ಬಾರಿಸುತ್ತಿದ್ದ ಹಿತ್ತಾಳೆ ಗಂಟೆ ಮೇಜಿನ ಮೇಲೆ ಹಾಗೇ ಇತ್ತು. ಅರ್ಧ ಗಂಟೆ ಆದರೆ ಟಣ್ ಎನ್ನುತ್ತಿತ್ತು. ದೊಡ್ಡ ಮನುಷ್ಯರಾಗಲಿ, ಕಾಲೇಜಿನವರಾಗಲಿ, ಏಳಬೇಕು.

ಮೇಡಂಗೆ ಆಗಲೇ ಅರವತ್ತರ ಹತ್ತಿರ. ಗಂಜಿ ಹಾಕಿದ ಕಾಟನ್ ಸೀರೆ, ಸೆರಗಿಗೆ ಪಿನ್ನು. ವಾಚಿನ ಮುಖ ಮಣಿಕಟ್ಟಿನ ಒಳಬದಿಗೆ ಇರುತ್ತಿತ್ತು. ಹೊತ್ತು ನೋಡಲು ಅವರು ಅಂಗೈ ಮೇಲೆ ಮಾಡಿದರೆ, ಹೊಸದಾಗಿ ಬಂದವರು ದುಡ್ಡು ಕೇಳುತ್ತಿದ್ದಾರೆಂದು ಜೇಬಿಗೆ ಕೈ ಹಾಕುತ್ತಿದ್ದರು. ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಶಟರ್ ಅರ್ಧ ಇಳಿಸಿ ಮೊಸರನ್ನ. ಆಗ ಯಾರು ಕೂಗಿದರೂ ಒಳಗಿನಿಂದ "ಊಟ ಕಣಪ್ಪಾ" ಎಂದು ಒಂದೇ ಮಾತು. ಇಂಟರ್‌ನೆಟ್ಟಿನಲ್ಲಿ ಏನೇನಿದೆ ಎಂದು ಅವರು ಎಂದೂ ಇಣುಕಿದವರಲ್ಲ. "ಇಂಟರ್‌ನೆಟ್ ನಂಗೊತ್ತಿಲ್ಲಪ್ಪ. ಟೈಮ್ ಗೊತ್ತು" ಎನ್ನುತ್ತಿದ್ದರು. ಫ್ಯಾನಿನ ವಿಷಯದಲ್ಲಿ ಮಹಾ ಜಿಪುಣಿ. ಇಬ್ಬರು ಗಿರಾಕಿ ಬಂದು ಕೂತ ಮೇಲೇ ಸ್ವಿಚ್ಚು.

ಬಾಗಿಲ ಹೊರಗೆ ಹೊಂಗೆ ಮರದ ಕೆಳಗೆ ಒಂದು ಬೆಂಚಿತ್ತು. ಯೋಚನೆಗೆ ಬೆಂಚು, ಟೈಪಿಗೆ ಕುರ್ಚಿ ಎನ್ನುವುದು ಅವರು ಮಾಡಿದ ಕಾನೂನು. ಕಂಪ್ಯೂಟರ್ ಮುಂದೆ ಯಾರಾದರೂ ಕೈ ಕಟ್ಟಿ ಕೂತರೆ ಹಿಂದಿನಿಂದ ಬಂದು ಪರದೆ ಆರಿಸಿಬಿಡುತ್ತಿದ್ದರು. "ಯೋಚ್ನೆ ಮಾಡಕ್ಕೆ ಯಾಕೆ ಬಾಡಿಗೆ ಕೊಡ್ತೀಯ? ಹೊರಗೆ ಬೆಂಚೈತೆ, ಪುಕ್ಕಟೆ." ಗಂಟೆ ಲೆಕ್ಕದಲ್ಲಿ ದುಡಿಯುವ ಅಂಗಡಿಯವರು ಹೀಗೆ ಗಿರಾಕಿಯನ್ನು ಎಬ್ಬಿಸಿ ಕಳಿಸುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಒಮ್ಮೆ ಡಿಗ್ರಿ ಓದುವ ಹುಡುಗಿಯೊಬ್ಬಳ ಪರದೆ ಆರಿಸಲು ಹೋಗಿ ಕಂಪ್ಯೂಟರನ್ನೇ ಆರಿಸಿದರು. ಅವಳ ಅರ್ಜಿ ಪೂರ್ತಿ ಹೋಯಿತು, ಹುಡುಗಿ ಅತ್ತಳು. ಮೇಡಂ ತಪ್ಪಾಯಿತು ಎನ್ನಲಿಲ್ಲ. ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು, ತಾವೇ ಇಡೀ ಅರ್ಜಿ ಟೈಪ್ ಮಾಡಿಕೊಟ್ಟು, ಅವಳು ಕೇಳದಿದ್ದರೂ ಎರಡು ಪ್ರಿಂಟ್ ಕೊಟ್ಟು ಕಳಿಸಿದರು.

ನಾನು ಅಲ್ಲಿಗೆ ಮೊದಲು ಹೋದದ್ದು ೨೦೦೭ರಲ್ಲಿ, ಪಿ.ಎಫ್. ಅರ್ಜಿಯ ಪ್ರಿಂಟ್ ತೆಗೆಸಲು. ಪಕ್ಕದವರ ಪರದೆಯ ಮೇಲೆ ಕನ್ನಡ ಕಂಡಿತು, ಓದಿದೆ. ಯಾವುದೋ ವೆಬ್‌ಸೈಟಿನಲ್ಲಿ ರೈತರಿಗೆ ಪಂಪ್‌ಸೆಟ್ ಬಗ್ಗೆ ಬುದ್ಧಿ ಹೇಳಿದ್ದರು. ಮೋಟಾರು ಗುಂಯ್ ಎಂದು ಸದ್ದು ಮಾಡಿ ತಿರುಗದೆ ನಿಂತರೆ ಸುಟ್ಟಿದೆ ಎಂದರ್ಥ, ಹೊಸದು ತನ್ನಿ ಎಂದು ಬರೆದಿತ್ತು. ನನಗೆ ಮೈ ಉರಿಯಿತು. ಸಿಂಗಲ್ ಫೇಸ್ ಮೋಟಾರು ಗುಂಯ್ ಎಂದರೆ ಎಷ್ಟೋ ಸಲ ಹೋಗಿರುವುದು ಕೆಪಾಸಿಟರ್, ಮೋಟಾರಿಗೆ ಮೊದಲ ತಳ್ಳು ಕೊಡುವ, ಹೆಬ್ಬೆರಳು ದಪ್ಪದ ಒಂದು ಡಬ್ಬಿ. ಅದೊಂದನ್ನು ಬದಲಿಸಿದರೆ ಸಾಕು. "ಇದ್ಯಾವ ತಲೆ ಇಲ್ದೋನು ಬರ್ದಿದ್ದು?" ಎಂದು ಕೂಗಿಯೇಬಿಟ್ಟೆ.

ಮೇಡಂ ತಲೆ ಎತ್ತಿದರು. "ಇಲ್ಲಿ ಕೂಗಿದ್ರೆ ಬರ್ದೋನ್ಗೆ ಕೇಳುಸ್ತದೇನಪ್ಪಾ? ತಪ್ಪೇನು ಅಂತ ಬರ್ಕೊಡು, ಕಳುಸ್ತೀನಿ."

ಅರ್ಜಿಯ ಹಿಂಬದಿಗೆ ಬರೆದೆ, ಬೆಂಚಿನ ಮೇಲೆ ಕೂತು. ಅವರು ಟೈಪ್ ಮಾಡಿ ಕಳಿಸಿದರು. ವಾರ ಕಳೆದ ಮೇಲೆ ಆ ವೆಬ್‌ಸೈಟಿನವರಿಂದ ಉತ್ತರ ಬಂತು. ವಾರಕ್ಕೆ ಮೂರು ಬರಹ ನೀವೇ ಬರೆದುಕೊಡಿ, ಒಂದು ವಾರವೂ ತಪ್ಪಬಾರದು, ತಪ್ಪಿದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿದ್ದರು. ಎಷ್ಟು ಓದಿದ್ದೀರಿ ಎಂದು ಕೇಳಿರಲಿಲ್ಲ. ಆ ಕಾಗದದ ಪ್ರಿಂಟ್ ತೆಗೆಸಿಕೊಂಡು, ಮಡಚಿ, ಅಂಗಿ ಜೇಬಿನಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ಓಡಾಡಿದೆ.

ಬರೆಯುವುದು ಇಷ್ಟು ಹೊತ್ತು ತಿನ್ನುತ್ತದೆ ಎಂದು ಯಾರಿಗೆ ಗೊತ್ತಿತ್ತು? ಬೆಳಿಗ್ಗೆ ಆರರ ಪಾಳಿ. ಮಧ್ಯಾಹ್ನ ಎರಡಕ್ಕೆ ಬಿಟ್ಟು, ಬಸ್ಸು ಹಿಡಿದು, ಮೂರರ ಹೊತ್ತಿಗೆ ಕನಕಪುರ. ಒಂದೇ ಬೆರಳಿನಲ್ಲಿ ಕೋಳಿ ಕಾಳು ಹೆಕ್ಕಿದಂತೆ ಟೈಪ್ ಮಾಡುತ್ತಿದ್ದೆ. ಒಂದು ಸಾಲು ಹೊಡೆಯುವುದು, ಎರಡು ಸಾಲು ಅಳಿಸುವುದು. ನಡುವೆ ಕರೆಂಟು ಹೋದರೆ ಎಲ್ಲ ಮೊದಲಿನಿಂದ. ಮನೆ ಸೇರುವ ಹೊತ್ತಿಗೆ ಊಟ ಆರಿರುತ್ತಿತ್ತು.

"ನಿಮ್ಗೇನಾರ ಮೈ ಮ್ಯಾಲೆ ಗ್ಯಾನ ಐತಾ?" ಎಂದಳು ನನ್ನ ಹೆಂಡತಿ. "ನಾಕ್ ಗಂಟ್ಗೆ ಏಳ್ತೀರಾ. ಕೂತಲ್ಲೇ ತೂಕಡುಸ್ತೀರಾ. ಆ ಮಿಷನ್ ಮುಂದೆ ನಿಂತಾಗ್ಲೂ ಹಿಂಗೇ ತೂಕಡ್ಸಿದ್ರೆ?"

"ನಿಂತ್ಕೊಂಡ್ ಯಾರೇ ತೂಕಡುಸ್ತಾರೆ?" ಎಂದೆ. ನಿಂತು ತೂಕಡಿಸುವುದು ಆಗಲೇ ನನಗೆ ಅಭ್ಯಾಸವಾಗಿತ್ತು.

ಇನ್ನೊಂದು ಚಟ ಅಂಟಿತ್ತು. ಆಗ ಬರಹದ ಕೆಳಗೆ ಎಷ್ಟು ಜನ ನೋಡಿದರು ಎಂಬ ನಂಬರು ಕಾಣುತ್ತಿತ್ತು. ಬರಹ ಹಾಕಿದ ಮೇಲೆ ಅದನ್ನೇ ನೋಡುತ್ತ ಕೂರುತ್ತಿದ್ದೆ. ಒಂದು ದಿನ ಮೇಡಂ ಹಿಂದೆ ಬಂದು ನಿಂತರು.

"ಅದೇನಪ್ಪಾ ಆಗ್ಲಿಂದ ನೋಡ್ತಾ ಇದ್ದೀಯ? ಹಾಲ್ ಉಕ್ತದಾ?"

"ಎಷ್ಟ್ ಜನ ಓದವ್ರೆ ಅಂತ ಮೇಡಂ."

"ನೀನು ನೋಡುದ್ರೆ ಅದು ಜಾಸ್ತಿ ಆಗ್ತದಾ?"

"ಆಯ್ತದೆ ಮೇಡಂ. ನಾನು ತೆಗ್ದು ನೋಡಿದ್ದೂ ಒಂದು ಅಂತ ಸೇರ್ಕೊತದೆ."

"ಹಂಗಾದ್ರೆ ಅರ್ಧ ಗಂಟೆಯಿಂದ ನಿನ್ನ ಬರಹಾನ ನೀನೇ ಓದ್ತಾ ಕೂತಿದ್ದೀಯ." ಉಳಿದ ಐದೂ ಕಂಪ್ಯೂಟರಿನವರು ನಕ್ಕರು. ಗಂಟೆ ಟಣ್ ಎಂದಿತು.

ಆವತ್ತೇ ಅವರು ನನ್ನನ್ನು ಬೆಂಚಿಗೆ ಹಾಕಿದರು. "ನಾಳೆಯಿಂದ ಪೇಪರ್ ಮೇಲೆ ಪೂರ್ತಿ ರೆಡಿ ಮಾಡ್ಕೊಂಡ್ ಬಂದ್ರೆ ಮಾತ್ರ ಕುರ್ಚಿ. ಇಲ್ಲಾಂದ್ರೆ ಒಳಗೆ ಕಾಲಿಡ್ಬೇಡ. ಮತ್ತೆ, ಒಂದೊಂದೇ ಬರಹ ಯಾಕ್ ತರ್ತೀಯ? ನಿನ್ನ ಹೆಂಡ್ತಿ ಒಂದೊಂದೇ ಇಡ್ಲಿ ಬೇಯುಸ್ತಾಳೇನಪ್ಪಾ? ತಟ್ಟೆ ತುಂಬ ಹುಯ್ದು ಒಂದೇ ಸಲಕ್ಕೆ ಇಡಲ್ವಾ?"

ಸರಿ ಎಂದುಕೊಂಡೆ. ಆದರೆ ಪೇಪರ್ ಮೇಲೆ ರೆಡಿ ಮಾಡಲೂ ಹೊತ್ತು ಬೇಕಲ್ಲ. ಆ ಹೊತ್ತನ್ನು ನಾನು ಎಲ್ಲಿಂದ ತೆಗೆದೆ ಎನ್ನುವುದೇ ಈಗ ಹೇಳಬೇಕಾದ ವಿಷಯ. ಬುದ್ಧಿವಂತ ಎಂದುಕೊಂಡು ಮಾಡಿದ ಕೆಲಸ ಅದು, ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ನಮ್ಮ ಪ್ರೆಸ್ಸಿಗೆ ಎರಡು ಬಟನ್, ಎಡಗೈಗೊಂದು, ಬಲಗೈಗೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ತೂಕ ಧಡ್ ಎಂದು ಇಳಿದು ತಗಡು ಕತ್ತರಿಸುತ್ತದೆ. ಎರಡೂ ಕೈ ಬಟನ್ ಮೇಲಿದ್ದರೆ ಬೆರಳು ಒಳಗೆ ಸಿಗುವುದಿಲ್ಲ, ಅದಕ್ಕೇ ಆ ಏರ್ಪಾಡು. ನಾನು ಎಡಗಡೆ ಬಟನ್ನಿಗೆ ಒಂದು ಮರದ ಚಕ್ಕೆ ಸಿಕ್ಕಿಸಿದೆ. ಬಟನ್ ಒತ್ತಿದಂತೆಯೇ ನಿಂತಿತು. ಈಗ ಬಲಗೈ ಒತ್ತುವಾಗಲೇ ಎಡಗೈ ಮುಂದಿನ ತಗಡು ತಳ್ಳಬಹುದು. ದಿನದ ಟಾರ್ಗೆಟ್ ಒಂದು ಗಂಟೆ ಮುಂಚೆ ಮುಗಿಯಿತು. ಉಳಿದ ಗಂಟೆಯಲ್ಲಿ ಶೆಡ್ಡಿನ ಹಿಂದೆ, ಒಡೆದ ರಟ್ಟಿನ ಪೆಟ್ಟಿಗೆಯ ಮೇಲೆ ಬರಹ ಬರೆದೆ. ಸೂಪರ್‌ವೈಸರ್ ಬರುವುದು ಕಂಡರೆ ಚಕ್ಕೆ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ನನ್ನ ನಂತರದ ಪಾಳಿಯ ಕೆಂಪರಾಜುವಿಗೂ ಹೇಳಿಕೊಟ್ಟೆ. ಚಕ್ಕೆಯನ್ನು ಮಿಷನ್ನಿನ ತಲೆಯ ಮೇಲೆ ಇಟ್ಟು ಬರುತ್ತಿದ್ದೆ, ಅವನೂ ಬಳಸುತ್ತಿದ್ದ.

ಹತ್ತು ಹನ್ನೆರಡು ದಿನ ಹೀಗೆ ನಡೆಯಿತು. ಒಂದು ದಿನ ಮೂರು ಬರಹ ಒಟ್ಟಿಗೆ ತೆಗೆದುಕೊಂಡು ಹೋಗಿ ಮೇಡಂ ಮೇಜಿನ ಮೇಲೆ ಇಟ್ಟೆ. ಅವರು ಹಾಳೆ ತಿರುಗಿಸಿ ನೋಡಿದರು. "ಪರ್ವಾಗಿಲ್ವೇ. ಯಾವಾಗ್ ಬರ್ದೆ ಇಷ್ಟು?"

ಇಷ್ಟು ಕೇಳಿದ್ದೇ ಸಾಕಾಯಿತು ನನಗೆ. ಚಕ್ಕೆಯ ಉಪಾಯವನ್ನೆಲ್ಲ ಹೆಮ್ಮೆಯಿಂದ ಹೇಳಿದೆ. ಎರಡು ಬಟನ್ನಿನ ಲೆಕ್ಕವನ್ನು ಕೈಯಾಡಿಸಿ ತೋರಿಸಿದೆ. ಕೊನೆಗೆ ನಗುತ್ತ, "ಮೊನ್ನೆ ಗ್ಲೌಸ್ ತುದಿ ಹೊಂಟೋಯ್ತು ಮೇಡಂ. ಪುಣ್ಯಕ್ಕೆ ಬೆರಳು ಹಿಂದುಕ್ ಇತ್ತು" ಎಂದೆ.

ಅವರು ನಗಲಿಲ್ಲ. ಎದ್ದು ಬಂದು, "ಕೈ ತೋರ್ಸು" ಎಂದರು. ಎರಡೂ ಕೈ ಚಾಚಿದೆ. ಸ್ಕೇಲಿನ ತುದಿಯಿಂದ ಒಂದೊಂದೇ ಬೆರಳು ಮುಟ್ಟಿ ಎಣಿಸಿದರು. ಹತ್ತು ಆಯಿತು. ಮತ್ತೆ ಮೊದಲಿನಿಂದ ಎಣಿಸಿದರು.

"ಪೇಪರ್ ಮೇಲೆ ರೆಡಿ ಮಾಡ್ಕೊಂಡ್ ಬಾ ಅಂದೋಳು ನಾನೇ ಅಲ್ವಾ" ಎಂದರು, ನನಗಲ್ಲ, ತಮಗೇ. ಆಮೇಲೆ ತಟ್ಟನೆ, "ಆ ಚಕ್ಕೆ ಎಲ್ಲೈತೆ ಈಗ?"

"ಮಿಷನ್ ಮೇಲೈತೆ ಮೇಡಂ."

"ಅಲ್ಯಾರವ್ರೆ?"

"ಕೆಂಪರಾಜು."

ಅವರು ಅಂಗೈ ಮೇಲೆ ಮಾಡಿ ಹೊತ್ತು ನೋಡಿದರು. ನಾಲ್ಕು ಗಂಟೆ ಹತ್ತು ನಿಮಿಷ. ಗಂಟೆ ಬಾರಿಸಿದರು. ಯಾರದೂ ಅರ್ಧ ಗಂಟೆ ಮುಗಿದಿರಲಿಲ್ಲ. "ಎಲ್ರೂ ಏಳ್ರಪ್ಪಾ. ಇವತ್ತು ಯಾರೂ ದುಡ್ ಕೊಡ್ಬೇಡಿ." ಶಟರ್ ಪೂರ್ತಿ ಇಳಿಯಿತು. ನನ್ನ ತೋಳು ಹಿಡಿದು ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ, ಹಾರೋಹಳ್ಳಿ ಕಡೆ ಹೊರಟಿದ್ದ ಬಸ್ಸಿಗೆ ಹತ್ತಿಸಿದರು. "ಚಕ್ಕೆ ನನ್ನ ಕೈಗೆ ತಂದ್ಕೊಡೋಗಂಟ ನೀನು ಒಂದಕ್ಷರನೂ ಟೈಪ್ ಮಾಡಂಗಿಲ್ಲ. ಹೋಗು."

ಕೆಂಪರಾಜುವಿಗೆ ಒಂದು ಫೋನ್ ಮಾಡಬಹುದಿತ್ತಲ್ಲ ಎನ್ನಬೇಡಿ. ಫ್ಯಾಕ್ಟರಿಯೊಳಗೆ ಫೋನ್ ಬಿಡುತ್ತಿರಲಿಲ್ಲ, ಗೇಟಿನಲ್ಲೇ ಕೊಟ್ಟು ಹೋಗಬೇಕಿತ್ತು. ಬಸ್ಸಿನಲ್ಲಿ ಮೊದಲು ನನಗೆ ಸಿಟ್ಟು ಬಂತು. ಇವರ್ಯಾರು ನನ್ನನ್ನು ಓಡಿಸಲು? ಆಮೇಲೆ ಕೆಂಪರಾಜುವಿನ ಕೈ ನೆನಪಾಯಿತು. ಅವನು ಮಾತಾಡುವಾಗ ಮಿಷನ್ ಕಡೆ ನೋಡುವವನಲ್ಲ, ಮಾತಾಡುವವರ ಮುಖ ನೋಡುವವನು. ಬಸ್ಸು ಪ್ರತಿ ಹಳ್ಳಿಯಲ್ಲೂ ನಿಂತಿತು. ಅಷ್ಟು ನಿಧಾನದ ಬಸ್ಸಿನಲ್ಲಿ ನಾನು ಇನ್ನೆಂದೂ ಕೂತಿಲ್ಲ.

ಗೇಟಿನವನಿಗೆ ಊಟದ ಡಬ್ಬಿ ಒಳಗೆ ಮರೆತಿದ್ದೇನೆ ಎಂದು ಹೇಳಿ ಒಳಗೆ ಹೋದೆ. ಓಡಿದೆ. ಶೆಡ್ಡಿನೊಳಗೆ ಧಡ್, ಧಡ್ ಸದ್ದು ಬರುತ್ತಲೇ ಇತ್ತು. ಆ ಸದ್ದು ನಿಲ್ಲದಿದ್ದರೆ ಸಾಕು ಎಂದುಕೊಳ್ಳುತ್ತ ಓಡಿದೆ. ಸದ್ದಿದೆ ಎಂದರೆ ಏನೂ ಆಗಿಲ್ಲ ಎಂದರ್ಥ. ಕೆಂಪರಾಜು ಪಕ್ಕದ ಮಿಷನಿನವನಿಗೆ ಏನೋ ಹೇಳಿ ನಗುತ್ತಿದ್ದ. ಎಡಗೈ ಒಳಗೆ ಹೋಗಿ ಬರುತ್ತಿತ್ತು. ಹಿಂದಿನಿಂದ ಕೂಗಿದರೆ ತಿರುಗುತ್ತಾನೆ ಎಂದು ಕೂಗಲಿಲ್ಲ. ಗೋಡೆಯ ಕಡೆಯಿಂದ ಹೋಗಿ ಮೆಯಿನ್ ಸ್ವಿಚ್ ಆರಿಸಿದೆ. ತೂಕ ಮೇಲೆಯೇ ನಿಂತಿತು.

"ಲೇ! ಏನ್ಲಾ ಬಂದೈತೆ ನಿಂಗೆ?"

ನಾನು ಚಕ್ಕೆ ಕಿತ್ತುಕೊಂಡೆ. "ಇದು ಬ್ಯಾಡ ಕಣ್ಲಾ."

"ಅಯ್ ಇವ್ನ! ಕಲ್ಸಿದ್ದೂ ನೀನೇ, ಈಗ ಬ್ಯಾಡ ಅನ್ನೋನೂ ನೀನೇ? ಟಾರ್ಗೆಟ್ ನಿಮ್ತಾತ ಬಂದ್ ಹೊಡ್ಕೊಡ್ತಾನೇನ್ಲಾ?"

"ಕೈ ತೋರ್ಸ್ಲಾ."

"ಕುಡ್ಕೊಂಡ್ ಬಂದಿದ್ದೀಯೇನ್ಲಾ ಹಗಲೊತ್ನಲ್ಲಿ?"

"ತೋರ್ಸ್ಲಾ ಒಸಿ." ಬೈಯುತ್ತಲೇ ತೋರಿಸಿದ. ಗ್ಲೌಸ್ ಬಿಚ್ಚಿಸಿ ಎಣಿಸಿದೆ. ಎಡಗೈ ಐದು, ಬಲಗೈ ಐದು. ಅಲ್ಲೇ ತಗಡಿನ ಕಂತೆಯ ಮೇಲೆ ಕೂತೆ. ಅಷ್ಟು ಹಗುರ ಯಾವತ್ತೂ ಆಗಿರಲಿಲ್ಲ. ಅವನು ಇನ್ನೂ ಬೈಯುತ್ತಿದ್ದ, ನಾನು ನಗುತ್ತಿದ್ದೆ.

ಕನಕಪುರಕ್ಕೆ ವಾಪಸ್ ಬಂದಾಗ ಆರೂವರೆ. ಮೇಡಂ ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ, ನಾನು ಬಿಟ್ಟು ಹೋದ ಜಾಗದಲ್ಲೇ ಕೂತಿದ್ದರು. ಎರಡು ಗಂಟೆಗೂ ಹೆಚ್ಚು ಹೊತ್ತು! ಜೊತೆಗೆ ಓದಲು ಏನೂ ಇರಲಿಲ್ಲ. ಅರ್ಧ ನಿಮಿಷ ಸುಮ್ಮನೆ ಕೂತವರನ್ನು ಎಬ್ಬಿಸುತ್ತಿದ್ದವರು.

"ಹತ್ತಾ?" ಎಂದರು.

"ಹತ್ತು ಮೇಡಂ."

ಚಕ್ಕೆ ಇಸಿದುಕೊಂಡು ಚೀಲಕ್ಕೆ ಹಾಕಿದರು. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. "ನಾಳೆ ಬಾ. ಹತ್ತು ಬೆರಳೂ ಐತಲ್ಲ, ಒಂದ್ರಲ್ಲೇ ಯಾಕೆ ಕುಟ್ತೀಯ? ಹತ್ರಲ್ಲೂ ಕಲ್ತ್ಕೋ."

ಒಂದು ತಿಂಗಳು ನಾನು ಬರಹ ಟೈಪ್ ಮಾಡಲಿಲ್ಲ. ಹತ್ತು ಬೆರಳಿನಲ್ಲಿ ಹೊಡೆಯಲು ಬರುವವರೆಗೆ ಮೇಡಂ ಬಿಡಲಿಲ್ಲ. ವೆಬ್‌ಸೈಟಿನವರು ಬೇರೆಯವರನ್ನು ನೋಡಿಕೊಳ್ಳಬಾರದು ಎಂದು ನನ್ನ ಕೈಬರಹವನ್ನು ಮೇಡಂ ತಾವೇ ಟೈಪ್ ಮಾಡಿ ಕಳಿಸಿದರು. ಟೈಪ್‌ರೈಟರಿನ ಕನ್ನಡ ಬೇರೆ, ಕಂಪ್ಯೂಟರಿನ ಕನ್ನಡ ಬೇರೆ. ಆ ವಯಸ್ಸಿನಲ್ಲಿ ಹೊಸದಾಗಿ ಕಲಿತಿದ್ದರು. ನನ್ನ ತಪ್ಪುಗಳಿಗೆ ಕೆಂಪು ಇಂಕು ಹಚ್ಚಿ ಹಾಳೆ ವಾಪಸ್ ಕೊಡುತ್ತಿದ್ದರು. ನಾನು ಪಕ್ಕದ ಕುರ್ಚಿಯಲ್ಲಿ, ಕೈಗಳ ಮೇಲೆ ಟವೆಲ್ ಹೊದೆದು, ಕೀ ನೋಡದೆ ಹೊಡೆಯುವುದನ್ನು ಕಲಿತೆ. ಮಣಿಕಟ್ಟು ಇಳಿದರೆ ಸ್ಕೇಲ್. ಮೂವತ್ತು ದಾಟಿದ ಗಂಡಸಿಗೆ ಸ್ಕೇಲಿನ ಏಟು! ಆದರೆ ಒಂದು ಬೇಸಿಗೆ ಮುಗಿಯುವುದರೊಳಗೆ, ಹಿಂದೆ ಮೂರು ಗಂಟೆ ಹಿಡಿಯುತ್ತಿದ್ದ ಬರಹ ಇಪ್ಪತ್ತೈದು ನಿಮಿಷಕ್ಕೆ ಇಳಿಯಿತು.

ಅಲ್ಲಿಂದ ನನ್ನ ವಾರ ಬೇರೆಯಾಯಿತು. ಬಸ್ಸಿನಲ್ಲಿ ರೈತರು ಮೋಟಾರಿನ ಬಗ್ಗೆ ಗೋಳಾಡುವುದನ್ನು ಚೀಟಿಯಲ್ಲಿ ಗುರುತು ಮಾಡಿಕೊಳ್ಳುತ್ತಿದ್ದೆ, ಆ ವಾರದ ವಿಷಯ ಅವೇ. ಭಾನುವಾರ ಬೆಳಿಗ್ಗೆ ಮನೆಯ ಜಗಲಿಯ ಮೇಲೆ ಮೂರೂ ಬರಹ ಒಟ್ಟಿಗೆ. ಫೋಟೋ ಬೇಕಾದರೆ ತಿಂಗಳಿಗೊಂದು ಮಧ್ಯಾಹ್ನ, ಇಡೀ ತಿಂಗಳಿನದು. ಮಂಗಳವಾರ ಟೈಪು. ಒಂದು ಪ್ಯಾರಾ ಆದ ಕೂಡಲೇ ಸೇವ್, ಕರೆಂಟನ್ನು ನಂಬುವ ಹಾಗಿಲ್ಲ. ಹಾಕಿದೆನೋ, ಎದ್ದೆ. ನಂಬರು ನೋಡುವುದು ಶನಿವಾರ, ಒಂದು ಸಲ.

ಮೊದಲ ವಾರ ಐದು ಗಂಟೆಗೇ ಮನೆಗೆ ಬಂದವನನ್ನು ನೋಡಿ ಹೆಂಡತಿ ಕೇಳಿದಳು: "ಏನೂ, ಮೇಡಮ್ಮೋರು ಓಡುಸ್ಬುಟ್ರಾ?"

"ಹೂಂ ಕಣೆ. ಓಡುಸ್ಬುಟ್ರು."

"ಒಳ್ಳೇದೇ ಮಾಡವ್ರೆ ಬುಡಿ" ಎಂದು ಬಿಸಿ ಮುದ್ದೆ ಬಡಿಸಿದಳು. ನನ್ನ ಬರಹಗಾರಿಕೆಗೆ ಅವಳು ಕೊಟ್ಟ ಮೊದಲ ಒಪ್ಪಿಗೆ ಅದು.

ಆಮೇಲೆ ನಾನು ಯಾವಾಗ ಹೋದರೂ ಬಾಗಿಲಲ್ಲೇ "ಕೈ ತೋರ್ಸು" ಎನ್ನುತ್ತಿದ್ದರು ಮೇಡಂ. ನಾನು ಬೆರಳು ಅರಳಿಸಿ ತೋರಿಸಿ ಒಳಗೆ ಹೋಗುತ್ತಿದ್ದೆ. ನೋಡಿದವರು ನಮಸ್ಕಾರದ ಹೊಸ ಪದ್ಧತಿ ಎಂದುಕೊಂಡಿರಬೇಕು. ಎರಡು ವರ್ಷದ ನಂತರ ಫ್ಯಾಕ್ಟರಿ ಬಿಟ್ಟು ಸ್ವಂತ ಅಂಗಡಿ ಹಾಕಿದೆ. ಆಗಲೂ ಅವರು ಕೈ ತೋರಿಸು ಎನ್ನುವುದನ್ನು ಬಿಡಲಿಲ್ಲ.

ಫೋನಿನಲ್ಲೇ ಇಂಟರ್‌ನೆಟ್ ಬಂದ ಮೇಲೆ ಸೈಬರ್ ಸೆಂಟರ್ ಮುಚ್ಚಿ, ಮೈಸೂರಿನಲ್ಲಿ ತಂಗಿಯ ಮನೆಗೆ ಹೊರಟರು. ಸಾಮಾನು ಹೇರಲು ನಾನೂ ಹೋಗಿದ್ದೆ. ನಾಲ್ಕನೇ ಮೇಜನ್ನು ಎತ್ತಿದಾಗ ಅದರ ಒಂದು ಕಾಲಿನ ಕೆಳಗಿನಿಂದ ಮರದ ಚಕ್ಕೆ ಈಚೆ ಬಿತ್ತು. ಮೇಜು ಅಲ್ಲಾಡದಂತೆ ಇಟ್ಟಿದ್ದರು. ಇಷ್ಟು ವರ್ಷ ನಾನು ಟೈಪ್ ಮಾಡಿದ್ದು ಅದೇ ಮೇಜಿನ ಮೇಲೆ.

"ನಿನ್ ವಸ್ತು, ನೀನೇ ತಗೊಂಡೋಗು" ಎಂದರು. ಆಮೇಲೆ ಅಂಗೈ ಮೇಲೆ ಮಾಡಿ ಹೊತ್ತು ನೋಡಿ, ಲಾರಿಯವನಿಗೆ ತಡವಾಯಿತೆಂದು ಬೈಯಲು ಹೋದರು. ನನ್ನ ಬರಹ ಚೆನ್ನಾಗಿದೆ ಎಂದು ಅವರು ಒಂದು ದಿನವೂ ಹೇಳಲಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಕನಕಪುರದಲ್ಲಿ ಒಂದು ಮೋಟಾರು ಅಂಗಡಿ. ಆರುನೂರು ಚಿಲ್ಲರೆ ಬರಹ. ನೂರ ನಲವತ್ತು ವಿಡಿಯೋ. ಬೆಳಕಿರುವಾಗಲೇ ಮನೆ ಸೇರುವ ಸಂಜೆಗಳು, ವಾರಕ್ಕೆ ಏಳು. ಒಂದು ಮರದ ಚಕ್ಕೆ. ಹತ್ತು ಬೆರಳು. ಕೆಂಪರಾಜುವಿಗೂ ಹತ್ತು, ಹೋದ ವಾರ ಅಂಗಡಿಗೆ ಬಂದಿದ್ದ, ಟೀ ಲೋಟ ಹಿಡಿದಾಗ ಎಣಿಸಿದೆ.